ದ್ರಾಕ್ಷಿ ನಮ್ಮದು, ಫೋಟೊ ಯಾರದು?

ನಮ್ಮ ಊರಿನಲ್ಲಿ ಒಣದ್ರಾಕ್ಷಿ ಮಾರುವವರ ವಾಟ್ಸಾಪ್ ಸ್ಟೇಟಸ್‌ಗಳನ್ನು ಗಮನಿಸಿದ್ದೀರಾ? ಎಷ್ಟೋ ಸ್ಟೇಟಸ್‌ಗಳಲ್ಲಿ ಇರುವುದು ಗೂಗಲ್‌ನಿಂದ ಇಳಿಸಿಕೊಂಡ ಯಾವುದೋ ದೇಶದ ದ್ರಾಕ್ಷಿಯ ಚಿತ್ರ. ಮೇಲೆ ಕೆಂಪು ಅಕ್ಷರದಲ್ಲಿ ‘ಬೆಸ್ಟ್ ಕ್ವಾಲಿಟಿ’, ಕೆಳಗೆ ಒಂದು ಫೋನ್ ನಂಬರ್. ಬೆಲೆ ಇಲ್ಲ, ತೂಕ ಇಲ್ಲ, ಊರಿನ ಹೆಸರೂ ಇಲ್ಲ. ನೋಡಲು ಚೆಂದ ಇದೆಯೋ ಇಲ್ಲವೋ ಎಂಬುದಕ್ಕಿಂತ ಇದು ನಮ್ಮ ಜಿಲ್ಲೆಯವರ ಆದಾಯದ ಪ್ರಶ್ನೆ ಎಂದು ನನಗೆ ಅನಿಸುತ್ತದೆ.

ತಿಕೋಟಾ, ಬಬಲೇಶ್ವರ ಕಡೆಯಿಂದ ಕಾಲೇಜಿಗೆ ಬರುವ ಗೆಳೆಯರಿಗೆ ಈ ಕೆಲಸ ಗೊತ್ತು. ಬೇಸಿಗೆ ಹತ್ತಿರವಾಗುತ್ತಿದ್ದಂತೆ ಹಣ್ಣು ಕಟಾವು ಮಾಡಿ, ದ್ರಾವಣದಲ್ಲಿ ಅದ್ದಿ, ಶೆಡ್ಡಿನಲ್ಲಿ ಕಟ್ಟಿದ ಬಲೆಗಳ ಮೇಲೆ ಹರವಿ, ನೆರಳಿನಲ್ಲಿ ಸುಮಾರು ಎರಡು ವಾರ ಒಣಗಿಸುತ್ತಾರೆ. ಆಮೇಲೆ ಹೆಣ್ಣುಮಕ್ಕಳು ಕುಳಿತು ಬಣ್ಣ, ಗಾತ್ರ ನೋಡಿ ಆರಿಸುತ್ತಾರೆ. ಹೀಗೆ ಸಿದ್ಧವಾದ ಬಹಳಷ್ಟು ಮಾಲು ಮಹಾರಾಷ್ಟ್ರದ ತಾಸಗಾಂವ, ಸಾಂಗ್ಲಿ ಮಾರುಕಟ್ಟೆಗೆ ಹೋಗುತ್ತದೆ. ಸಾಂಗ್ಲಿಯ ಒಣದ್ರಾಕ್ಷಿಗೆ ಜಿಐ ಟ್ಯಾಗ್ ಇದೆ. ನಮ್ಮ ಜಿಲ್ಲೆಯ ಇಂಡಿ ಲಿಂಬೆಗೂ 2023ರಲ್ಲಿ ಅದು ಸಿಕ್ಕಿತು. ಆದರೆ ಲಾರಿ ಗಡಿ ದಾಟಿದ ಮೇಲೆ ತಿಕೋಟಾದ ದ್ರಾಕ್ಷಿಗೆ ತಿಕೋಟಾದ ಹೆಸರು ಉಳಿಯುವುದು ಕಡಿಮೆ. ಹಬ್ಬಕ್ಕೆ ಶೀರ್ ಖುರ್ಮಾ ಮಾಡಲು ನಾವು ಕೊಂಡು ತರುವ ಕಿಶ್ಮಿಶ್ ಪೊಟ್ಟಣದ ಮೇಲೆ ಯಾವ ಊರಿನ ಹೆಸರಿದೆ ಎಂದು ಒಮ್ಮೆ ಓದಿ ನೋಡಿ.

ವ್ಯವಹಾರ ಅಧ್ಯಯನದ ತರಗತಿಯಲ್ಲಿ ಮಾರಾಟಕ್ಕೆ ನಾಲ್ಕು ಅಂಶಗಳು ಬೇಕು ಎಂದು ಓದುತ್ತೇವೆ: ವಸ್ತು, ಬೆಲೆ, ಸ್ಥಳ, ಪ್ರಚಾರ. ಮೊದಲನೆಯದು ನಮ್ಮಲ್ಲಿ ಚೆನ್ನಾಗಿಯೇ ಇದೆ. ಉಳಿದ ಮೂರನ್ನು ಒಂದು ಮೊಬೈಲ್ ಪೋಸ್ಟಿನಲ್ಲಿ ಹೇಳಬಹುದು. ಆದರೆ ನಾವು ಹೇಳುತ್ತಿಲ್ಲ.

ಡಿಸೈನ್ ಎಂದ ಕೂಡಲೇ ಕ್ಯಾನ್ವಾ ತೆರೆದು, ಸಾವಿರಾರು ಜನ ಬಳಸಿದ ಟೆಂಪ್ಲೇಟನ್ನೇ ನಾವೂ ಆರಿಸುತ್ತೇವೆ. ಕ್ಯಾನ್ವಾ ಒಳ್ಳೆಯ ಸಾಧನವೇ, ಆದರೆ ಅದರಲ್ಲಿ ಏನು ಇಡಬೇಕು ಎಂಬುದನ್ನು ಕಣ್ಣು ಕಲಿಯಬೇಕು. ಅದಕ್ಕೆ ನಮ್ಮ ಊರಿಗಿಂತ ಒಳ್ಳೆಯ ಶಾಲೆ ಎಲ್ಲಿದೆ? ಇಬ್ರಾಹಿಂ ರೋಜಾದ ಕಲ್ಲಿನ ಜಾಲಂದ್ರಗಳನ್ನು ನೋಡಿ. ಅಲ್ಲಿ ಅಕ್ಷರಗಳೇ ಜಾಲಿಯಾಗಿವೆ, ಅವುಗಳ ನಡುವಿನ ಖಾಲಿ ಜಾಗದಿಂದ ಬೆಳಕು ಒಳಗೆ ಬರುತ್ತದೆ. ಅಕ್ಷರ ಅಂದವಾಗಿದ್ದರೆ ಸುತ್ತ ಹೂಬಳ್ಳಿ ಬೇಕಿಲ್ಲ, ಖಾಲಿ ಜಾಗವೂ ಕೆಲಸ ಮಾಡುತ್ತದೆ ಎಂಬ ಪಾಠ ಅದು. ಇನ್ನು ಗೋಲಗುಮ್ಮಟ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಸಮಾಧಿ. ಸುಮಾರು 44 ಮೀಟರ್ ಅಡ್ಡಳತೆಯ ಒಂದೇ ಗುಮ್ಮಟ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಪೋಸ್ಟರಿನಲ್ಲೂ ಒಂದೇ ಮಾತು ದೊಡ್ಡದಾಗಿರಲಿ, ಉಳಿದದ್ದು ಸಣ್ಣದಾಗಿರಲಿ. ಹತ್ತು ಮಾತು ದೊಡ್ಡದಾದರೆ ಒಂದೂ ಕಾಣುವುದಿಲ್ಲ.

ಭಾಷೆಯೂ ಮುಖ್ಯ. ನಮ್ಮ ಮನೆಯಲ್ಲಿ ಉರ್ದು, ಬಜಾರಿನಲ್ಲಿ ಕನ್ನಡ, ಗಡಿ ಕಡೆಯ ಗಿರಾಕಿಗಳಿಗೆ ಮರಾಠಿ. ಕೊಳ್ಳುವವರು ಮಾತಾಡುವುದು ಈ ಭಾಷೆಗಳಲ್ಲಿ, ಪೋಸ್ಟರ್ ಮಾತ್ರ ಇಂಗ್ಲಿಷಿನಲ್ಲಿ! ‘ಪ್ರೀಮಿಯಂ’ ಎಂದು ಬರೆಯುವ ಬದಲು ‘ತಿಕೋಟಾದ ತೋಟದ್ದು, ಈ ವರ್ಷದ ಮಾಲು, ಅರ್ಧ ಕಿಲೋಗೆ ಇಷ್ಟು’ ಎಂದರೆ ಗಿರಾಕಿಗೆ ಎಲ್ಲವೂ ತಿಳಿಯಿತು.

ಎಲ್ಲಕ್ಕಿಂತ ದೊಡ್ಡ ಮಾತು ಪ್ರಾಮಾಣಿಕತೆ. ಬೇರೆಯವರ ಫೋಟೊ ಹಾಕುವುದು, ಫಿಲ್ಟರ್ ಹಚ್ಚಿ ಕಂದು ದ್ರಾಕ್ಷಿಯನ್ನು ಹಸಿರಾಗಿಸುವುದು ಜಾಣತನವಲ್ಲ. ಧಾನ್ಯದ ರಾಶಿಯೊಳಗೆ ಪ್ರವಾದಿಯವರು ಕೈ ಹಾಕಿದಾಗ ಒಳಗೆ ತೇವ ಸಿಕ್ಕಿತು, ಅದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ವ್ಯಾಪಾರಿಯನ್ನು ಕೇಳಿದರು ಎಂಬ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ಇಂದಿನ ಫಿಲ್ಟರ್ ಎಂದರೆ ಆ ರಾಶಿಯ ಮೇಲಿನ ಒಣ ಪದರವೇ. ಕಾನೂನು ಕೂಡ ಇದನ್ನೇ ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ವಸ್ತು ತಯಾರಿಸಿದವರಷ್ಟೇ ಅಲ್ಲ, ಅದನ್ನು ಹೊಗಳಿ ಪ್ರಚಾರ ಮಾಡಿದವರೂ ಹೊಣೆಗಾರರು. ದುಡ್ಡು ತೆಗೆದುಕೊಂಡು ರೀಲ್ಸ್ ಮಾಡುವ ಗೆಳೆಯರು ಇದನ್ನು ನೆನಪಿಡಬೇಕು.

‘ದರ ನಿರ್ಧರಿಸುವುದು ದಲಾಲರು, ನಿಮ್ಮ ರೀಲ್ಸ್‌ನಿಂದ ಏನಾಗುತ್ತದೆ?’ ಎಂದು ಕೆಲವರು ಕೇಳಬಹುದು. ಟನ್‌ಗಟ್ಟಲೆ ಮಾಲನ್ನು ಸ್ಟೇಟಸ್ ನೋಡಿ ಯಾರೂ ಕೊಳ್ಳುವುದಿಲ್ಲ ನಿಜ. ಸಾಲ ತೀರಿಸಬೇಕಾದ ರೈತನಿಗೆ ಒಮ್ಮೆಗೇ ಹಣ ಬೇಕು ಎಂಬುದೂ ನಿಜ. ಆದರೆ ಅರ್ಧ ಕಿಲೋ, ಒಂದು ಕಿಲೋ ಪೊಟ್ಟಣಗಳು ಹೀಗೆಯೇ ಮಾರಾಟವಾಗುತ್ತವೆ. ಮಾಲಿನ ಸಣ್ಣ ಪಾಲಾದರೂ ನೇರವಾಗಿ ಮನೆಗಳಿಗೆ ಹೋದರೆ ಆ ಪಾಲಿನ ಬೆಲೆಯನ್ನು ಬೆಳೆದವರೇ ಹೇಳಬಹುದು, ಊರಿನ ಹೆಸರೂ ಜೊತೆಗೆ ಹೋಗುತ್ತದೆ.

ಅದಕ್ಕೇ ನನ್ನದೊಂದು ಸಲಹೆ. ಮುಂದಿನ ದ್ರಾಕ್ಷಿ ಹಂಗಾಮಿನಲ್ಲಿ ವಾಣಿಜ್ಯ ವಿಭಾಗದ ನಾವು ನಾಲ್ಕು ನಾಲ್ಕು ಜನರ ಗುಂಪು ಮಾಡಿಕೊಂಡು, ಒಂದೊಂದು ಗುಂಪು ಒಬ್ಬ ಸಣ್ಣ ಮಾರಾಟಗಾರರಿಗೆ ಸಹಾಯ ಮಾಡೋಣ. ಬೆಳಗಿನ ಬೆಳಕಿನಲ್ಲಿ, ಬಿಳಿ ಬಟ್ಟೆಯ ಮೇಲೆ, ಅವರದೇ ದ್ರಾಕ್ಷಿಯ ಫೋಟೊ ತೆಗೆಯೋಣ. ಊರು, ತೂಕ, ಬೆಲೆ, ಪ್ಯಾಕ್ ಮಾಡಿದ ದಿನಾಂಕ, ಆಹಾರ ಪರವಾನಗಿ ಸಂಖ್ಯೆ ಬರೆಯೋಣ. ಪರವಾನಗಿ ಇಲ್ಲದವರಿಗೆ ಅರ್ಜಿ ತುಂಬಲು ನೆರವಾಗೋಣ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಮಾಡಿಕೊಡಲು ಹಣ ಬೇಕಿಲ್ಲ. ತಿಂಗಳ ಕೊನೆಗೆ ಎಷ್ಟು ಲೈಕ್ ಬಂತು ಎಂದು ಎಣಿಸದೆ, ಎಷ್ಟು ಕಿಲೋ ಹೋಯಿತು, ಎಷ್ಟು ಗಿರಾಕಿಗಳು ಎರಡನೇ ಸಲ ಕೇಳಿದರು ಎಂದು ಲೆಕ್ಕ ಬರೆಯೋಣ. ಲೆಕ್ಕಶಾಸ್ತ್ರ ಕಲಿತದ್ದಕ್ಕೂ ಸಾರ್ಥಕ.

ಉಪನ್ಯಾಸಕರು ಇದನ್ನು ಪ್ರಾಜೆಕ್ಟ್ ಕೆಲಸ ಎಂದು ಒಪ್ಪಿಕೊಂಡರೆ ಪಟ್ಟಿಗೆ ಮೊದಲ ಹೆಸರು ಕೊಡಲು ನಾನು ಸಿದ್ಧ.