‘ತಮೇ ಕೇವಾ?’ ಎಂಬ ಪ್ರಶ್ನೆಯೂ ನಮ್ಮ ಮೌನವೂ

ಅಹಮದಾಬಾದಿನಲ್ಲಿ ಬಾಡಿಗೆ ಮನೆ ಹುಡುಕಿದವರು ಈ ಪ್ರಶ್ನೆಯನ್ನು ಕೇಳಿಯೇ ಇರುತ್ತಾರೆ: ‘ತಮೇ ಕೇವಾ?’ ಪದದ ಅರ್ಥ ‘ನೀವು ಎಂಥವರು?’ ಎಂದಷ್ಟೆ, ಕೇಳುವವನ ಇಂಗಿತ ‘ನಿಮ್ಮ ಜಾತಿ ಯಾವುದು?’ ಎಂಬುದು. ಬಾಡಿಗೆ, ನೀರು, ನಿಲ್ದಾಣದ ದೂರ ಮುಂತಾದ ಮಾತುಗಳೆಲ್ಲ ಅದರ ನಂತರ.

ಈ ನಗರಗಳು ಸಾರಿಗೆಗಾಗಿ ಸಾರ್ವಜನಿಕರ ಹಣವನ್ನು ಧಾರಾಳವಾಗಿ ಸುರಿದಿವೆ. ಅಹಮದಾಬಾದಿನಲ್ಲಿ 2009ರಿಂದ ಜನಮಾರ್ಗದ ಬಸ್ಸುಗಳಿವೆ. 2022ರಲ್ಲಿ ಮೆಟ್ರೊ ಥಲ್ತೇಜ್‌ನಿಂದ ವಸ್ತ್ರಾಲ್‌ವರೆಗೆ, ವಾಸಣಾದಿಂದ ಮೊಟೇರಾವರೆಗೆ ಚಾಚಿತು. ಸೂರತ್‌ನಲ್ಲಿ 2014ರಿಂದ ಪ್ರತ್ಯೇಕ ಬಸ್ ಪಥವಿದೆ. ಮೆಟ್ರೊ ಇಲ್ಲದ ವಡೋದರಾ ನಗರ ಬಸ್ಸುಗಳನ್ನೇ ನೆಚ್ಚಿದೆ. ಅಹಮದಾಬಾದಿನ ಅಭಿವೃದ್ಧಿ ಯೋಜನೆಯಂತೂ ಈ ಮಾರ್ಗಗಳ ಇಕ್ಕೆಲದ 200 ಮೀಟರಿನೊಳಗೆ ನಿವೇಶನದ 4 ಪಟ್ಟು ವಿಸ್ತೀರ್ಣ ಕಟ್ಟಲು ಅವಕಾಶ ಕೊಟ್ಟಿತು. ಆದರೆ ಆ ಹೆಚ್ಚುವರಿ ಅಂತಸ್ತುಗಳಲ್ಲಿ ಒಂದು ಪಾಲು ಸಾಧಾರಣ ಆದಾಯದ ಬಾಡಿಗೆದಾರರಿಗೆ ಮೀಸಲಾಗಬೇಕೆಂದು ಕಡ್ಡಾಯ ಮಾಡಲಿಲ್ಲ. ಎಲ್ಲರ ತೆರಿಗೆಯಿಂದ ಬೆಲೆ ಏರಿದ ನೆಲದ ಲಾಭ ಕೆಲವರದಾಯಿತು. ಸಂಬಳವನ್ನೇ ನಂಬಿದ ಕುಟುಂಬ ರಿಂಗ್ ರೋಡಿನಾಚೆಗೆ ಸರಿದು, ಬಾಡಿಗೆಯಲ್ಲಿ ಉಳಿಸಿದ್ದನ್ನು ಪೆಟ್ರೋಲಿಗೆ ತೆರುತ್ತದೆ.

ಮನೆಗಳಿಲ್ಲವೇ? 2011ರ ಜನಗಣತಿಯ ಪ್ರಕಾರ ಗುಜರಾತಿನ ನಗರಗಳಲ್ಲಿ ಸುಮಾರು 12 ಲಕ್ಷ ಮನೆಗಳು ಖಾಲಿ ಇದ್ದವು. ಬೀಗ ಹಾಕಿದ ಮನೆ ಇಲ್ಲಿ ಉಳಿತಾಯದ ಪೆಟ್ಟಿಗೆ. ಅದನ್ನು ತೆರೆದರೂ ಎಲ್ಲರಿಗೂ ತೆರೆಯುವುದಿಲ್ಲ. ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಸೀಮಿತಗೊಳಿಸಿದ್ದ ಅಹಮದಾಬಾದಿನ ಒಂದು ಗೃಹ ಸಹಕಾರ ಸಂಘದ ಉಪನಿಯಮವನ್ನು ಸುಪ್ರೀಂ ಕೋರ್ಟ್ 2005ರಲ್ಲಿ ಎತ್ತಿಹಿಡಿಯಿತು. 1991ರ ‘ಅಶಾಂತ ಪ್ರದೇಶ’ಗಳ ಕಾಯಿದೆಯಡಿ ಈ ಮೂರೂ ನಗರಗಳ ಹಲವು ಭಾಗಗಳಲ್ಲಿ ಆಸ್ತಿ ಹಸ್ತಾಂತರಕ್ಕೆ ಕಲೆಕ್ಟರರ ಪೂರ್ವಾನುಮತಿ ಬೇಕು. ಹೆದರಿ ಮಾರುವವರನ್ನು ಕಾಪಾಡಲು ಬಂದ ಕಾಯಿದೆ ಈಗ ನೆರೆಹೊರೆಗಳನ್ನು ಬೇರೆಬೇರೆಯಾಗಿಯೇ ಇಡುತ್ತಿದೆ.

‘ಮನೆ ನನ್ನದು, ಯಾರಿಗೆ ಕೊಡಬೇಕೆಂಬುದು ನನ್ನಿಷ್ಟ’ ಎನ್ನುವವರಿದ್ದಾರೆ. ಬಾಡಿಗೆ ಸರಿಯಾಗಿ ಕೊಡುವರೇ, ಮನೆಯನ್ನು ಚೆನ್ನಾಗಿ ಇಟ್ಟುಕೊಳ್ಳುವರೇ ಎಂದು ಕೇಳುವ ಹಕ್ಕು ಮಾಲೀಕನಿಗೆ ಖಂಡಿತ ಇದೆ. ಆದರೆ ನಿಲ್ದಾಣ ಅವನದಲ್ಲ. ಅದರ ನಡಿಗೆಯ ದೂರದಲ್ಲಿರುವ ಮನೆಗಳೆಲ್ಲ ಒಂದೇ ಬಗೆಯ ಜನರನ್ನು ಆರಿಸಿಕೊಂಡರೆ ಸಾರ್ವಜನಿಕ ಸಾರಿಗೆ ಖಾಸಗಿ ಸೊತ್ತಾಗುತ್ತದೆ.

ಇನ್ನು ನಮ್ಮ ಮಾತು. ಮಂಗಳೂರು ಕಡೆಯ ಒಂದು ಕುಟುಂಬಕ್ಕೆ ಮನೆ ತೋರಿಸಲು ನಾನೊಮ್ಮೆ ಜೊತೆಗೆ ಹೋಗಿದ್ದೆ. ಮೆಟ್ರೊಗೆ ಹತ್ತು ನಿಮಿಷದ ನಡಿಗೆ, ಬಾಡಿಗೆಯೂ ಕುದುರಿತ್ತು. ‘ಮೀನು ತಿನ್ನುತ್ತೀರಾ?’ ಎಂದು ಮಾಲೀಕರು ಕೇಳಿದರು. ಆ ದಂಪತಿ ಸುಳ್ಳು ಹೇಳಲಿಲ್ಲ. ಬೀಗದ ಕೈ ಮರಳಿ ಜೇಬಿಗೆ ಹೋಯಿತು. ನಾನು ತುಟಿ ಬಿಚ್ಚಲಿಲ್ಲ. ಅಂಥದೇ ಪ್ರಶ್ನೆಗೆ ಒಪ್ಪಿಗೆಯಾಗುವ ಉತ್ತರ ಕೊಟ್ಟು ನಾನು ಮನೆ ಪಡೆದವನು. ಸಸ್ಯಾಹಾರಿ ಕನ್ನಡಿಗನಿಗೆ ಗುಜರಾತು ಸುಲಭವಾಗಿ ತೆರೆದುಕೊಳ್ಳುತ್ತದೆ. ಮೀನು ತಿನ್ನುವ, ದಲಿತರಾದ, ಮುಸ್ಲಿಮರಾದ ಕನ್ನಡಿಗರ ಅನುಭವ ಬೇರೆ. ನವೆಂಬರಿನಲ್ಲಿ ಇವರೆಲ್ಲರನ್ನೂ ಕರೆದು ರಾಜ್ಯೋತ್ಸವ ಮಾಡುವ ನಾವು, ಖಾಲಿ ಮನೆಯ ಸುದ್ದಿ ಹಂಚುವಾಗ ‘ಶುದ್ಧ ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಸಾಲನ್ನು ಅಳುಕಿಲ್ಲದೆ ಮುಂದಕ್ಕೆ ಕಳಿಸುತ್ತೇವೆ.

ಬೆಂಗಳೂರು ಇದಕ್ಕಿಂತ ಮೇಲೆಂದು ಬೀಗುವಂತಿಲ್ಲ. ಇಲ್ಲಿ ಮುಂಗಡ ಸಾಮಾನ್ಯವಾಗಿ ಒಂದೆರಡು ತಿಂಗಳಿನದು; ಅಲ್ಲಿ ಹತ್ತು ತಿಂಗಳಿನದನ್ನು ಕೇಳುವುದು ರೂಢಿ. ಊಟ, ಜಾತಿ, ಧರ್ಮಗಳ ವಿಚಾರಣೆ ಅಲ್ಲಿಯೂ ನಡೆಯುತ್ತದೆ. ಊರಿನಲ್ಲಿ ಮನೆ ಬಾಡಿಗೆಗೆ ಕೊಟ್ಟು ಇಲ್ಲಿ ಬಾಡಿಗೆಗೆ ಇರುವವರು ನಮ್ಮಲ್ಲಿ ಹಲವರು. ಅವರು ಎರಡೂ ಕಡೆಯ ಲೆಕ್ಕ ನೋಡಲಿ.

ನಿಲ್ದಾಣದ ಬಳಿಯ ಹೆಚ್ಚುವರಿ ಅಂತಸ್ತುಗಳಲ್ಲಿ ಬಾಡಿಗೆ ಮನೆಗಳನ್ನು ಕಡ್ಡಾಯಗೊಳಿಸಬೇಕೆಂದು ಸರ್ಕಾರವನ್ನು ಕೇಳೋಣ. ಅದಕ್ಕೆ ಕಾಲ ಬೇಕು. ಜಾತಿ, ಊಟ, ಧರ್ಮ ಕೇಳದ ಮನೆಗಳ ಪಟ್ಟಿಯೊಂದನ್ನು ನಮ್ಮ ಸಂಘಗಳು ಮಾಡಲು ಯಾರ ಅನುಮತಿಯೂ ಬೇಡ. ಆ ಪಟ್ಟಿಗೆ ಮೊದಲು ನಮ್ಮ ಮನೆಗಳೇ ಸೇರಲಿ.