ಘಟಿಕೋತ್ಸವದ ಗೌನು ಇಂಗ್ಲಿಷು, ನರಳಾಟ ಮಾತ್ರ ಕನ್ನಡ!



'ಎದೆ ಉರೀತದೆ' ಅನ್ನುವುದಕ್ಕೂ 'ಎದೆ ಹಿಂಡ್ತದೆ' ಅನ್ನುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತು. ನಿಮ್ಮ ಅಜ್ಜಿಗೂ ಗೊತ್ತು. ಮೊದಲನೆಯದಕ್ಕೆ ಹೆಚ್ಚಿನ ಸಲ ಒಂದು ಮಜ್ಜಿಗೆಯೋ ಒಂದು ಮಾತ್ರೆಯೋ ಸಾಕು. ಎರಡನೆಯದಕ್ಕೆ ಆಂಬುಲೆನ್ಸ್ ಬೇಕು. ಇವೆರಡರ ನಡುವೆ ಇರುವುದು ಒಂದೇ ಒಂದು ಪದ. ಆ ಪದ ಗೊತ್ತಿಲ್ಲದ ಡಾಕ್ಟರ ಮುಂದೆ ನಿಮ್ಮ ಅಪ್ಪ ಕೂತಿದ್ದರೆ ಏನು ಗತಿ? ಚಳುಕು, ಸೆಳೆತ, ಜೋಮು, ಸಂಕಟ, ತಲೆ ಧಿಮ್ಮೆನ್ನುವುದು, ಕಣ್ಣು ಕತ್ತಲಿಡುವುದು. ಇವೆಲ್ಲ ಒಂದೊಂದು ರೋಗದ ಬಾಗಿಲು. ಬಾಗಿಲ ಬೀಗದ ಕೈ ಇರುವುದು ಭಾಷೆಯಲ್ಲಿ.

ಅದಕ್ಕೇ ಹೇಳುತ್ತೇನೆ, ಆಸ್ಪತ್ರೆಯಲ್ಲಿ ಕನ್ನಡ ಬೇಕು ಅನ್ನುವುದು ಬರೀ ಅಭಿಮಾನದ ಮಾತಲ್ಲ. ಅದು ಜೀವದ ಮಾತು.

ವೇದಿಕೆ ಹತ್ತುವವರು ಯಾರು?

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬೆಂಗಳೂರಿನಲ್ಲಿ ಶುರುವಾದದ್ದು 1996ರಲ್ಲಿ. ಕರ್ನಾಟಕದ ಮೆಡಿಕಲ್, ಡೆಂಟಲ್, ನರ್ಸಿಂಗ್, ಫಾರ್ಮಸಿ, ಆಯುರ್ವೇದ ಕಾಲೇಜುಗಳ ದೊಡ್ಡ ಪಾಲು ಅದರ ನೆರಳಿಗೆ ಬಂತು. ನಮ್ಮ ಕೋಲಾರದ ಟಮಕದಲ್ಲೇ 1986ರಲ್ಲಿ ಹುಟ್ಟಿದ ದೇವರಾಜ ಅರಸು ಮೆಡಿಕಲ್ ಕಾಲೇಜು ಇದೆ. ಈಗ ಅದೂ ಡೀಮ್ಡ್ ವಿಶ್ವವಿದ್ಯಾಲಯದ ಭಾಗ. ಇಂಥ ಕಡೆಗಳಲ್ಲಿ ಘಟಿಕೋತ್ಸವ ನಡೆಯುತ್ತದೆ. ಗೌನು ತೊಟ್ಟ ಮಕ್ಕಳು ಸಾಲಾಗಿ ಕೂರುತ್ತಾರೆ. ವೇದಿಕೆ ಹತ್ತಿದ ದೊಡ್ಡವರು 'ಹಳ್ಳಿಗೆ ಹೋಗಿ, ಬಡವರ ಸೇವೆ ಮಾಡಿ' ಎಂದು ಉಪದೇಶ ಮಾಡುತ್ತಾರೆ. ಯಾವ ಭಾಷೆಯಲ್ಲಿ? ಹೆಚ್ಚಾಗಿ ಆ ಹಳ್ಳಿಯವನಿಗೆ ಒಂದಕ್ಷರ ಅರ್ಥವಾಗದ ಭಾಷೆಯಲ್ಲಿ!

ಆದರೆ ಇಂಥ ಸಭೆಗಳಲ್ಲಿ ಯಾರ ಹೆಸರು ಹೇಳಿದರೆ ನಿಜವಾದ ಚಪ್ಪಾಳೆ ಬೀಳುತ್ತದೆ, ಗಮನಿಸಿದ್ದೀರಾ?

ಡಾ. ಎಚ್. ಸುದರ್ಶನ್. ಬೆಂಗಳೂರಿನ ಪಕ್ಕದ ಯಮಲೂರಿನ ಹುಡುಗ. ಹನ್ನೆರಡು ವರ್ಷದವನಿದ್ದಾಗ ಸರಿಯಾದ ಚಿಕಿತ್ಸೆ ಸಿಗದೆ ತಂದೆ ಕಣ್ಣೆದುರೇ ತೀರಿಕೊಂಡರು. ಆ ಸಾವೇ ಅವರನ್ನು ಮೆಡಿಕಲ್ ಕಾಲೇಜಿಗೆ ಕಳಿಸಿತು. ಬೆಂಗಳೂರಲ್ಲಿ ಡಿಗ್ರಿ ಪಡೆದವರು ಸಿಟಿಯಲ್ಲಿ ಕ್ಲಿನಿಕ್ ತೆರೆಯಲಿಲ್ಲ. ಬಿಳಿಗಿರಿರಂಗನ ಬೆಟ್ಟ ಹತ್ತಿ ಸೋಲಿಗರ ನಡುವೆ ಕೂತರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಹುಡುಕಿಕೊಂಡು ಬಂತು. ಕಾಡಿನ ಜನ ಒಬ್ಬ ಪ್ಯಾಂಟು ತೊಟ್ಟ ಡಾಕ್ಟರನ್ನು ನಂಬಬೇಕಾದರೆ ಅವನು ಮೊದಲು ಅವರ ಮಾತಿಗೆ ಕಿವಿ ಕೊಡಬೇಕು. ಆ ವಿದ್ಯೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಡಾ. ಸಿ.ಎನ್. ಮಂಜುನಾಥ್. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ಸೀಮೆಯ ಹಳ್ಳಿಯಿಂದ ಹೊರಟು ಮೈಸೂರಿನಲ್ಲಿ ಮೆಡಿಕಲ್ ಓದಿ ಜಯದೇವ ಹೃದ್ರೋಗ ಸಂಸ್ಥೆಯ ಮುಖ್ಯಸ್ಥರಾದವರು. ಮೊದಲು ಚಿಕಿತ್ಸೆ, ದುಡ್ಡಿನ ಮಾತು ಆಮೇಲೆ ಎಂಬ ನೀತಿಯನ್ನು ಸರ್ಕಾರಿ ಸಂಸ್ಥೆಯಲ್ಲಿ ನಡೆಸಿ ತೋರಿಸಿದವರು. ಮಂಡ್ಯದ ಡಾ. ಶಂಕರೇಗೌಡರನ್ನು ಊರೇ 'ಐದು ರೂಪಾಯಿ ಡಾಕ್ಟರ್' ಅಂತ ಕರೆಯುತ್ತದೆ. ಇವರಲ್ಲಿ ಯಾರೂ ಕನ್ನಡ ಮಾತಾಡಿ ಸಣ್ಣವರಾಗಲಿಲ್ಲ. ಅದರಿಂದ ಅವರ ಸ್ಟೆತಸ್ಕೋಪಿಗೆ ತುಕ್ಕು ಹಿಡಿಯಲಿಲ್ಲ!

ಇನ್ನೊಬ್ಬರ ವಿಷಯ ಹೇಳಲೇಬೇಕು. ಸೂಲಗಿತ್ತಿ ನರಸಮ್ಮ. ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. ಶಾಲೆಯ ಮುಖ ನೋಡಿದವರಲ್ಲ. ಅಜ್ಜಿಯ ಜೊತೆ ಹೋಗಿ ಹೋಗಿ ಹೆರಿಗೆ ಮಾಡಿಸುವುದನ್ನು ಕಲಿತರು. ದುಡ್ಡು ಕೇಳದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂಬ ಕೀರ್ತಿ ಅವರದು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಗೌನು ತೊಡಲು ನೀಟ್ ಬರೆದವರಲ್ಲ, ಕೋಚಿಂಗಿಗೆ ಲಕ್ಷ ಕಟ್ಟಿದವರಲ್ಲ. ಅವರ ಕಾಲೇಜು ಬಾಣಂತಿಯ ಕೋಣೆ. ಅಲ್ಲಿ ಪಾಠ ನಡೆದದ್ದು ನೋವು ತಿನ್ನುತ್ತಿರುವ ಹೆಣ್ಣಿನ ಭಾಷೆಯಲ್ಲಿ.

ಒಂದು ಮಾತು ನೆನಪಿರಲಿ. ನರಸಮ್ಮನ ಮನೆಮಾತು ತೆಲುಗು.

ಗಡಿಯ ಸತ್ಯ

ಈ ಮಾತನ್ನು ಬೇಕೆಂದೇ ಎತ್ತಿದೆ. ಬೈರಕೂರು ಮುಳಬಾಗಿಲು ತಾಲ್ಲೂಕಿನ ಹೋಬಳಿ. ನಂಗಲಿ ದಾಟಿದರೆ ಆಂಧ್ರ. ಇಲ್ಲಿ ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಅದರಿಂದ ನಾವು ಅರೆಕನ್ನಡಿಗರಾದೆವೇ? ಡಿ.ವಿ.ಜಿ. ಹುಟ್ಟಿದ್ದು ಇದೇ ಮುಳಬಾಗಿಲಿನಲ್ಲಿ. ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. 1983ರ ಜ್ಞಾನಪೀಠ ತಂದುಕೊಟ್ಟದ್ದು ಕನ್ನಡಕ್ಕೆ!

ಹಾಗಾಗಿ ನಮ್ಮ ಚಳವಳಿಯ ಗೆಳೆಯರಿಗೂ ಒಂದು ಮಾತು. 'ಕಡುಪು ನೊಪ್ಪಿ' ಅಂತ ಹೊಟ್ಟೆ ಹಿಡಿದುಕೊಂಡು ಬಂದ ಮುದುಕಿಗೆ 'ಮೊದಲು ಕನ್ನಡ ಮಾತಾಡು' ಅನ್ನುವುದು ಕನ್ನಡತನವಲ್ಲ. ಅವಳ ನೋವು ಯಾವ ಭಾಷೆಯಲ್ಲಿ ಬಂದರೂ ಅದನ್ನು ಕೇಳಿಸಿಕೊಳ್ಳುವವನೇ ಗಡಿಯ ಡಾಕ್ಟರು. ಆದರೆ ಆ ಮುದುಕಿಯ ಮೊಮ್ಮಗಳು ಓದುವುದು ಕನ್ನಡ ಶಾಲೆಯಲ್ಲಿ. ಚೀಟಿ ಕನ್ನಡದಲ್ಲಿದ್ದರೆ ಅಜ್ಜಿಗೆ ಅವಳೇ ಓದಿ ಮಾತ್ರೆ ಕೊಡುತ್ತಾಳೆ. ನಮ್ಮ ಜಗಳ ತೆಲುಗಿನ ಜೊತೆ ಅಲ್ಲ. ಅಜ್ಜಿಗೂ ತಿಳಿಯದ, ಮೊಮ್ಮಗಳಿಗೂ ತಿಳಿಯದ ಚೀಟಿಯ ಜೊತೆ.

ಚೀಟಿಯಲ್ಲಿ ಲ್ಯಾಟಿನ್!

ನಾನು ಪ್ರೆಸ್ ನಡೆಸುವವನು. ಕ್ಲಿನಿಕ್ಕಿನ ಚೀಟಿ, ಲ್ಯಾಬಿನ ರಿಪೋರ್ಟ್ ಫಾರಂ, ಆಪರೇಷನ್ನಿನ ಒಪ್ಪಿಗೆ ಪತ್ರ ಎಲ್ಲ ಮೆಷಿನ್ನಿನ ಮೇಲೆ ಬಂದುಹೋಗುತ್ತವೆ. ನೂರಕ್ಕೆ ನೂರು ಇಂಗ್ಲಿಷಿನ ಮ್ಯಾಟರ್. 'ಕನ್ನಡದಲ್ಲೂ ಹಾಕೋಣವೇ ಸಾರ್?' ಅಂತ ಒಬ್ಬರನ್ನು ಕೇಳಿದ್ದಕ್ಕೆ 'ಬೇಡ, ಲೋಕಲ್ ಥರ ಕಾಣ್ತದೆ' ಅಂದರು. ನೋಡಿ ಸ್ವಾಮಿ! ರೋಗಿ ಲೋಕಲ್, ರೋಗ ಲೋಕಲ್, ಫೀಸೂ ಲೋಕಲ್. ಚೀಟಿ ಮಾತ್ರ ಲಂಡನ್ನಿನದಾಗಬೇಕು!

ಚೀಟಿಯಲ್ಲಿ 'ಬಿ.ಡಿ.', 'ಟಿ.ಡಿ.ಎಸ್.' ಅಂತ ಗೀಚಿರುತ್ತಾರಲ್ಲ, ಅದೇನು ಗೊತ್ತೇ? ದಿನಕ್ಕೆ ಎರಡು ಸಲ, ದಿನಕ್ಕೆ ಮೂರು ಸಲ ಅಂತ. ಅದು ಇಂಗ್ಲಿಷೂ ಅಲ್ಲ, ಲ್ಯಾಟಿನ್! ರೋಮ್ ಸಾಮ್ರಾಜ್ಯ ಬಿದ್ದು ಎಷ್ಟೋ ಶತಮಾನವಾಯಿತು. ಅದರ ಭಾಷೆ ಇವತ್ತಿಗೂ ಕೋಲಾರದ ಕೂಲಿಯವನ ಜೇಬಿನಲ್ಲಿದೆ. ಅವನದೇ ಭಾಷೆಗೆ ಮಾತ್ರ ಅಲ್ಲಿ ಜಾಗವಿಲ್ಲ.

2024ರ ಸೆಪ್ಟೆಂಬರಿನಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು ಆರೋಗ್ಯ ಸಚಿವರಿಗೆ ಪತ್ರ ಬರೆದು, ಸರ್ಕಾರಿ ಆಸ್ಪತ್ರೆಗಳ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಕೇಳಿದರು. ತಕ್ಷಣ ಆಕ್ಷೇಪ ಎದ್ದಿತು. ಔಷಧದ ಹೆಸರು ಕನ್ನಡದಲ್ಲಿ ಬರೆದು ಅಂಗಡಿಯವನು ತಪ್ಪಾಗಿ ಓದಿದರೆ? ಬೇರೆ ರಾಜ್ಯದ ಆಸ್ಪತ್ರೆಗೆ ಹೋದರೆ?

ಈ ಆಕ್ಷೇಪದಲ್ಲಿ ಅರ್ಥವಿದೆ. ನಮ್ಮ ಜನ ವೆಲ್ಲೂರಿನ ಸಿ.ಎಂ.ಸಿ.ಗೂ ಹೋಗುತ್ತಾರೆ, ಅಲ್ಲಿ ಕನ್ನಡ ಓದುವವರು ಎಲ್ಲಿ ಸಿಗುತ್ತಾರೆ? ಹಾಗಾದರೆ ದಾರಿ ಏನು? ಔಷಧದ ಹೆಸರು ಇಂಗ್ಲಿಷಿನಲ್ಲೇ ಇರಲಿ, ಬಿಡಿಸಿ ದೊಡ್ಡಕ್ಷರದಲ್ಲಿ ಬರೆಯಲಿ. ವೈದ್ಯಕೀಯ ಮಂಡಳಿ 2016ರಲ್ಲೇ ಹಾಗೆ ಹೇಳಿದೆ. ಅದರ ಪಕ್ಕದಲ್ಲಿ ಕನ್ನಡದ ಕಾಲಂಗಳು ಅಚ್ಚಾಗಿರಲಿ: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಊಟಕ್ಕೆ ಮೊದಲು, ಊಟದ ನಂತರ, ಎಷ್ಟು ದಿನ. ಡಾಕ್ಟರು ಗುರುತು ಹಾಕಿದರೆ ಸಾಕು. ಕನ್ನಡ ಬಾರದ ಡಾಕ್ಟರೂ ಒಂದು ವಾರದಲ್ಲಿ ರೂಢಿ ಮಾಡಿಕೊಳ್ಳಬಹುದು. ಇದಕ್ಕೆ ಎಷ್ಟು ಖರ್ಚು? ಮುದ್ರಕನಾಗಿ ಹೇಳುತ್ತೇನೆ, ಒಂದು ಪೈಸೆ ಹೆಚ್ಚಿಲ್ಲ. ಅದೇ ಕಾಗದ, ಅದೇ ಇಂಕು, ಅದೇ ಪ್ಲೇಟು.

ಒಪ್ಪಿಗೆ ಪತ್ರದ ಕಥೆ ಇನ್ನೂ ಗಂಭೀರ. ರೋಗಿಗೆ ತಕ್ಕ ಮಾಹಿತಿ ಕೊಟ್ಟು ಪಡೆದ ಒಪ್ಪಿಗೆಯೇ ಒಪ್ಪಿಗೆ ಎಂದು ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಓದಲಾಗದ ಭಾಷೆಯ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಯಾವ ಸೀಮೆಯ ಒಪ್ಪಿಗೆ? ಅಂಗಡಿ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು ಕಾನೂನು ತಂದೆವು. ಒಳ್ಳೆಯದೇ. ಹೊರಗಿನ ಬೋರ್ಡು ಕನ್ನಡವಾಯಿತು. ಒಳಗಿನ ಹಾಳೆ ಯಾವಾಗ?

ಕನ್ನಡಕ್ಕೆ ವೈದ್ಯ ಹೊಸದಲ್ಲ

'ಕನ್ನಡದಲ್ಲಿ ಮೆಡಿಕಲ್ ಹೇಳೋಕಾಗಲ್ಲ' ಅನ್ನುವ ಪಂಡಿತರಿಗೆ ಉತ್ತರ ನೂರಾರು ವರ್ಷ ಹಿಂದೆಯೇ ಸಿದ್ಧವಾಗಿದೆ. ಚಾಳುಕ್ಯರ ಕೀರ್ತಿವರ್ಮ ದನಕರುಗಳ ಚಿಕಿತ್ಸೆಗೆ 'ಗೋವೈದ್ಯ' ಬರೆದ. ಜಗದ್ದಳ ಸೋಮನಾಥ 'ಕರ್ಣಾಟಕ ಕಲ್ಯಾಣಕಾರಕ' ಬರೆದ. ಹದಿನಾಲ್ಕನೇ ಶತಮಾನದಲ್ಲಿ ಮಂಗರಾಜ ವಿಷವೈದ್ಯಕ್ಕೆಂದೇ 'ಖಗೇಂದ್ರಮಣಿದರ್ಪಣ' ರಚಿಸಿದ. ನಮ್ಮ ಕಾಲಕ್ಕೆ ಬನ್ನಿ. 1942ರಲ್ಲಿ 'ಕೊರವಂಜಿ' ಶುರುಮಾಡಿ ನಾಡನ್ನು ನಗಿಸಿದ ರಾಶಿ ಅವರು ವೃತ್ತಿಯಲ್ಲಿ ಡಾಕ್ಟರು, ಎಂ. ಶಿವರಾಂ. ಡಾ. ಅನುಪಮಾ ನಿರಂಜನ ಅವರ 'ತಾಯಿ ಮಗು' ಓದಿ ಧೈರ್ಯ ತಂದುಕೊಂಡ ಬಸುರಿಯರು ಎಷ್ಟೋ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆ ಬಗ್ಗೆ ಸರಳ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ಭಾಷೆಗೆ ಶಕ್ತಿ ಇದೆ. ಇಲ್ಲದ್ದು ಮನಸ್ಸು.

ಹೈದರಾಬಾದಿನಲ್ಲಿ 1948ರವರೆಗೂ ಡಾಕ್ಟರಿ ವಿದ್ಯೆಯನ್ನು ಉರ್ದುವಿನಲ್ಲೇ ಕಲಿಸುತ್ತಿದ್ದರು. 2022ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶ ಹಿಂದಿಯಲ್ಲಿ ಎಂಬಿಬಿಎಸ್ ಪುಸ್ತಕ ಬಿಡುಗಡೆ ಮಾಡಿತು. ನಾಳೆಯೇ ಕನ್ನಡ ಎಂಬಿಬಿಎಸ್ ಬೇಕು ಅಂತ ನಾನು ಹಠ ಹಿಡಿಯುವುದಿಲ್ಲ. ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಗೆ ಇಳಿಸಿ ಪುಸ್ತಕ ಅಂದರೆ ಯಾರಿಗೂ ಲಾಭವಿಲ್ಲ. ಮೊದಲು ಆಗಬೇಕಾದದ್ದು ಬೇರೆ. ಡಾಕ್ಟರು ಇಂಗ್ಲಿಷಿನಲ್ಲೇ ಕಲಿಯಲಿ, ಆದರೆ ಕನ್ನಡದಲ್ಲಿ ಕೇಳಿಸಿಕೊಳ್ಳಲಿ, ಕನ್ನಡದಲ್ಲಿ ಬಿಡಿಸಿ ಹೇಳಲಿ.

ಅದಕ್ಕೂ ಮೊದಲು ನಮ್ಮ ಮಕ್ಕಳು ಆ ಗೌನಿನವರೆಗೆ ಹೋಗಬೇಕಲ್ಲ? 2017ರಿಂದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. 2020ರಲ್ಲಿ ಹಾಗೆ ಹೆಸರು ಕೊಟ್ಟವರು ಹೆಚ್ಚುಕಡಿಮೆ ಒಂದು ಸಾವಿರ ಮಂದಿ. ಅದೇ ವರ್ಷ ತಮಿಳಿನಲ್ಲಿ 17 ಸಾವಿರ, ಬಂಗಾಳಿಯಲ್ಲಿ 36 ಸಾವಿರ, ಗುಜರಾತಿಯಲ್ಲಿ 59 ಸಾವಿರ! ಕಾರಣ ದೂರ ಹುಡುಕಬೇಕಿಲ್ಲ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಹಳ್ಳಿ ಹುಡುಗಿಗೆ ಪಿಯುಸಿ ವಿಜ್ಞಾನ ಎಂದರೆ ಇಂಗ್ಲಿಷೇ. ಎರಡು ವರ್ಷದಲ್ಲಿ ಅವಳು ಭಾಷೆಯನ್ನೂ ಕಲಿಯಬೇಕು, ಭೌತಶಾಸ್ತ್ರವನ್ನೂ ಕಲಿಯಬೇಕು. ಬಾಗಿಲಲ್ಲೇ ಎಡವಿ ಬೀಳುವವರು ಎಷ್ಟು ಮಂದಿ! ಬಿದ್ದವಳು ದಡ್ಡಿ ಎಂದು ಊರು ಹೇಳುತ್ತದೆ. ಬಾಗಿಲು ಎತ್ತರ ಕಟ್ಟಿದವನನ್ನು ಯಾರೂ ಕೇಳುವುದಿಲ್ಲ.

ನೀವು ಮಾಡಬೇಕಾದದ್ದು

ಗೆಳೆಯರೇ, ಘೋಷಣೆ ಕೂಗಿ ಮನೆಗೆ ಹೋಗುವ ಕಾಲ ಮುಗಿಯಿತು. ಕೈಗೆ ಕೆಲಸ ಕೊಡುತ್ತೇನೆ.

ಒಂದು: ಕರ್ನಾಟಕದ ವೃತ್ತಿಶಿಕ್ಷಣದ ಸರ್ಕಾರಿ ಸೀಟುಗಳಲ್ಲಿ, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5, ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಶೇ. 15 ಮೀಸಲು ಇದೆ. ಊರಲ್ಲಿರುವ ನಿಮ್ಮ ತಮ್ಮ ತಂಗಿಯರಿಗೆ ಇವತ್ತೇ ಫೋನ್ ಮಾಡಿ ಹೇಳಿ. ಹೆಡ್ಮಾಸ್ಟರ ಸಹಿ, ಬಿ.ಇ.ಒ. ಮೇಲುಸಹಿ ಇರುವ ಪ್ರಮಾಣಪತ್ರ ಮೊದಲೇ ಮಾಡಿಸಿಡಲಿ. ಕೊನೇ ಗಳಿಗೆಯಲ್ಲಿ ಒಂದು ಕಾಗದಕ್ಕಾಗಿ ಸೀಟು ಕಳೆದುಕೊಳ್ಳುವುದು ಬೇಡ.

ಎರಡು: ಆಸ್ಪತ್ರೆಗೆ ಹೋದಾಗ 'ಇದನ್ನು ಕನ್ನಡದಲ್ಲಿ ಬರೆದುಕೊಡಿ ಡಾಕ್ಟ್ರೇ' ಅಂತ ವಿನಯದಿಂದ ಕೇಳಿ. ಗಲಾಟೆ ಬೇಡ. ದಿನಕ್ಕೆ ಐವತ್ತು ಮಂದಿ ಕೇಳಿದರೆ ಚೀಟಿ ತಾನಾಗಿ ಬದಲಾಗುತ್ತದೆ.

ಮೂರು: ಹೊರರಾಜ್ಯದ ವಿದ್ಯಾರ್ಥಿ, ನರ್ಸು ನಿಮ್ಮ ಪಕ್ಕದ ಪಿ.ಜಿ.ಯಲ್ಲೇ ಇರುತ್ತಾರೆ. 2019ರಿಂದ ಎಂಬಿಬಿಎಸ್ ಮೊದಲ ತಿಂಗಳ ಪಾಠದಲ್ಲೇ ಸ್ಥಳೀಯ ಭಾಷೆಗೆ ಜಾಗ ಕೊಟ್ಟಿದ್ದಾರೆ. ಆದರೆ ತರಗತಿಯಲ್ಲಿ ಕಲಿತ ಭಾಷೆ ತರಗತಿಯಲ್ಲೇ ಉಳಿಯುತ್ತದೆ. ನೀವು ಕಲಿಸಿ. ಕೇರಳದಿಂದ ಬಂದು ರೋಗಿಯ ಹಾಸಿಗೆ ಪಕ್ಕದಲ್ಲೇ ಕನ್ನಡ ಕಲಿತು 'ಅಜ್ಜೀ, ಊಟ ಆಯ್ತಾ?' ಅನ್ನುವ ಸಿಸ್ಟರಮ್ಮಂದಿರು ಎಷ್ಟೋ ಜನ ಇದ್ದಾರೆ. ಕನ್ನಡದ ಹುಡುಗನಾಗಿಯೂ ವಾರ್ಡಿನಲ್ಲಿ ಇಂಗ್ಲಿಷ್ ಉದುರಿಸುವವನಿಗಿಂತ ಅವರು ನಮಗೆ ಹತ್ತಿರ.

ನಾಲ್ಕು: ನೀವೇ ಮೆಡಿಕಲ್, ನರ್ಸಿಂಗ್ ಓದುತ್ತಿದ್ದರೆ, ನಿಮ್ಮ ಘಟಿಕೋತ್ಸವದಲ್ಲಿ ಕನ್ನಡದ ಒಂದು ಭಾಷಣ ಆಗಲೇಬೇಕೆಂದು ಈಗಿನಿಂದಲೇ ಕುಲಪತಿಗಳಿಗೆ ಮನವಿ ಕೊಡಿ. ಮಾತಾಡಲು ಕರೆಯುವವರ ಪಟ್ಟಿಯಲ್ಲಿ ಒಬ್ಬ ಆಶಾ ಕಾರ್ಯಕರ್ತೆ, ಒಬ್ಬ ಹಳ್ಳಿ ನರ್ಸಮ್ಮ ಇರಲಿ. ನರಸಮ್ಮನಂಥವರಿಗೆ ಕೊನೆಗಾಲದಲ್ಲಿ ಶಾಲು ಹೊದಿಸಿ ಕೈ ತೊಳೆದುಕೊಳ್ಳುವುದಕ್ಕಿಂತ, ಬದುಕಿರುವಾಗ ಅವರ ಮಾತು ಕೇಳುವುದು ಲೇಸು.

ಗೌನು ತೊಟ್ಟ ಹುಡುಗ ಹುಡುಗಿಯರಿಗೆ ಕೊನೆಯದಾಗಿ ಒಂದು ಮಾತು. ನೀವು ಓದಿದ ಸೀಟಿನಲ್ಲಿ ಸರ್ಕಾರದ ದುಡ್ಡಿದೆ. ಅಂದರೆ ರಾಗಿ ಬೆಳೆಯುವವನ, ರೇಷ್ಮೆ ಹುಳು ಸಾಕುವವನ, ಟೊಮೆಟೊ ಬುಟ್ಟಿ ಹೊರುವವನ ದುಡ್ಡಿದೆ. ಅವನು ಸಾಲ ತೀರಿಸು ಅನ್ನುವುದಿಲ್ಲ. ಜ್ವರ ಬಂದ ದಿನ ಬಂದು ಎದುರಿಗೆ ಕೂರುತ್ತಾನೆ. 'ಏನಾಗ್ತಿದೆ ಯಜಮಾನ್ರೇ, ಹೇಳಿ' ಅಂತ ಅವನಿಗೆ ತಿಳಿಯುವ ಮಾತಿನಲ್ಲಿ ಕೇಳಿ. ಅಷ್ಟು ಕೇಳಿದರೆ ಅರ್ಧ ಸಾಲ ತೀರಿತು. ಉಳಿದರ್ಧ ನಿಮ್ಮ ಔಷಧ ತೀರಿಸುತ್ತದೆ.

ಸಿರಿಗನ್ನಡಂ ಗೆಲ್ಗೆ!

ಬೈರಕೂರಿನಿಂದ ಒಬ್ಬ ಮುದ್ರಕ