ಹಿಮದೂರಿನ ಹಂಗಾಮು: ಇಳಿಜಾರಿಗೆ ಮೊದಲು ಸೂರು

ಅಗಸೂರಿನಂಥ ಗ್ರಾಮದ ತರುಣನೊಬ್ಬನು ಪದವಿಯನ್ನು ಮುಗಿಸಿ, ಉದ್ಯೋಗಕ್ಕೆ ಸೇರುವ ಮೊದಲು ಒಂದು ವರುಷ ಪರದೇಶದ ಹಿಮದೂರಿನಲ್ಲಿ ದುಡಿದು, ಬಿಡುವಿನ ವೇಳೆಯಲ್ಲಿ ಹಿಮದ ಮೇಲೆ ಜಾರುವ ಸ್ಕೀ ವಿದ್ಯೆಯನ್ನು ಕಲಿತು ಬರುವೆನೆಂದು ಹೇಳಿದರೆ, ಮನೆಯ ಹಿರಿಯರು ಮೊದಲು ನಗುವರು, ಅನಂತರ ಗದರುವರು. ಗಂಗಾವಳಿಯ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಹಿಮದ ಹಂಬಲವೇಕೆಂಬುದು ಅವರ ಪ್ರಶ್ನೆ. ಪ್ರಶ್ನೆಯು ಸಹಜವಾದುದೇ ಸರಿ. ಆದರೆ ನಗುವಿನಿಂದಲಾಗಲಿ ಗದರಿಕೆಯಿಂದಲಾಗಲಿ ಈ ಕಾಲದ ತರುಣನ ಹಂಬಲವು ಅಡಗಲಾರದು. ಹಿರಿಯರು ಸರಿಯಾದ ಪ್ರಶ್ನೆಗಳನ್ನು ಕೇಳಿ ಅವನಿಗೆ ದಾರಿ ತೋರಿಸದಿದ್ದರೆ, ದಲ್ಲಾಳಿಯು ಬಣ್ಣದ ಚಿತ್ರಗಳನ್ನು ತೋರಿಸಿ ಕರೆದೊಯ್ಯುವನು. ಈ ಕಾರಣದಿಂದಲೇ ನಾವು ಇಂದು ಈ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇವೆ.

ಹಂಗಾಮಿನ ದುಡಿಮೆಯು ನಮ್ಮ ಜಿಲ್ಲೆಗೆ ಹೊಸದೇನೂ ಅಲ್ಲ. ಅಡಿಕೆಯ ಕೊನೆಕೊಯ್ಲಿನ ಕಾಲಕ್ಕೆ ಕರಾವಳಿಯ ಆಳುಗಳು ಘಟ್ಟ ಹತ್ತಿದ್ದುಂಟು. ದೀಪಾವಳಿಯ ತರುವಾಯ ಹೊರಟ ಯಕ್ಷಗಾನದ ಮೇಳಗಳು ಮಳೆ ಹಿಡಿಯುವುದರೊಳಗೆ ಊರಿಗೆ ಮರಳುವವು. ಕಾರವಾರದ ಎಷ್ಟೋ ತರುಣರು ಗೋವೆಯ ಹೋಟೆಲುಗಳಲ್ಲಿ ಪ್ರವಾಸಿಗಳ ಹಂಗಾಮನ್ನು ನಂಬಿ ದುಡಿಯುತ್ತಾರೆ. ನಾಲ್ಕು ತಿಂಗಳ ಕೆಲಸಕ್ಕಾಗಿ ಊರು ಬಿಟ್ಟವನಿಗೆ ಏನೇನು ಕಷ್ಟಗಳೊದಗುವವೆಂಬುದನ್ನು ನಮ್ಮ ಜನರು ಚೆನ್ನಾಗಿ ಬಲ್ಲರು. ಇರಲು ಸ್ಥಳ ದೊರೆಯಿತೇ, ಕೂಲಿ ವಾರಕ್ಕೊಮ್ಮೆ ಕೈಗೆ ಬಂದಿತೇ, ಕೆಲಸ ನಿಂತ ದಿನ ಊಟಕ್ಕೇನು ಗತಿ, ಎಂಬುವೇ ಆ ಕಷ್ಟಗಳು. ಹಿಮದೂರನ್ನು ಆರಿಸುವಾಗಲೂ ಕೇಳಬೇಕಾದ ಪ್ರಶ್ನೆಗಳು ಇವೇ. ವಿಚಿತ್ರವೆಂದರೆ, ಈ ಬಗ್ಗೆ ನಡೆಯುವ ಮಾತುಕತೆಯೆಲ್ಲ ಇಳಿಜಾರಿನ ಉದ್ದ, ಹಿಮದ ಆಳ, ಶಿಖರದ ಎತ್ತರಗಳನ್ನು ಕುರಿತದ್ದು. ದುಡಿಯುವವನು ರಾತ್ರಿ ಯಾವ ಸೂರಿನ ಕೆಳಗೆ ಮಲಗುವನೆಂಬುದನ್ನು ಕೇಳುವವರು ವಿರಳ.

ಮೊದಲಿಗೆ ಯಾವ ಬಾಗಿಲು ತೆರೆದಿದೆಯೆಂಬುದನ್ನು ನೋಡೋಣ. ಜಪಾನಿನ ಹಿಮವನ್ನೂ ಕೆನಡಾದ ಪರ್ವತಗಳನ್ನೂ ಕುರಿತು ಕೇಳಿದ ತರುಣನು ಅಲ್ಲಿಗೇ ಹೋಗಬಯಸುವನು. ಆದರೆ ವಿಹಾರ ಮತ್ತು ದುಡಿಮೆ ಎರಡಕ್ಕೂ ಅನುಮತಿ ಕೊಡುವ ತರುಣರ ವೀಸಾ ವ್ಯವಸ್ಥೆಯಲ್ಲಿ ಆ ಎರಡೂ ದೇಶಗಳು 2025ರ ಕೊನೆಯವರೆಗೆ ಭಾರತದೊಡನೆ ಒಪ್ಪಂದ ಮಾಡಿಕೊಂಡಿರಲಿಲ್ಲ. ಆಸ್ಟ್ರೇಲಿಯಾ ಮಾತ್ರ 2024ರಲ್ಲಿ ತನ್ನ 462ನೆಯ ವರ್ಗದ ವೀಸಾವನ್ನು ನಮ್ಮವರಿಗೆ ತೆರೆಯಿತು. ವರುಷಕ್ಕೆ 1,000 ಸ್ಥಾನಗಳು. ವಯಸ್ಸು 18ರಿಂದ 30. ಆಯ್ಕೆ ಚೀಟಿ ಎತ್ತುವ ಕ್ರಮದಿಂದ. ಚೀಟಿಯಲ್ಲಿ ಹೆಸರನ್ನು ಸೇರಿಸಲು 25 ಆಸ್ಟ್ರೇಲಿಯನ್ ಡಾಲರು ಶುಲ್ಕ. ಹೆಸರು ಬಂದವನು ಪ್ರೌಢಶಿಕ್ಷಣದ ತರುವಾಯದ ಎರಡು ವರ್ಷಗಳ ವಿದ್ಯಾಭ್ಯಾಸವನ್ನೂ, ಇಂಗ್ಲಿಷಿನ ಸಾಧಾರಣ ಜ್ಞಾನವನ್ನೂ, ಸುಮಾರು 5,000 ಡಾಲರುಗಳ ಗಂಟನ್ನೂ ತೋರಿಸಬೇಕು. ಹನ್ನೆರಡು ತಿಂಗಳು ಅಲ್ಲಿರಬಹುದು. ಆದರೆ ಸಾಮಾನ್ಯವಾಗಿ ಒಬ್ಬ ಧಣಿಯ ಬಳಿ ಆರು ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ. ಹಿಮದ ಹಂಗಾಮು ನಾಲ್ಕೇ ತಿಂಗಳಾದುದರಿಂದ ಈ ನಿಬಂಧನೆಯು ತೊಡಕಾಗದು. ಆದರೆ ಉಳಿದ ಎಂಟು ತಿಂಗಳು ಎಲ್ಲಿ, ಏನು ಮಾಡಿಕೊಂಡಿರುವೆನೆಂಬ ವಿಚಾರವು ಹೊರಡುವ ಮುಂಚೆಯೇ ಆಗಿರಬೇಕು.

ಭೂಮಿಯ ದಕ್ಷಿಣಾರ್ಧದಲ್ಲಿರುವ ಆಸ್ಟ್ರೇಲಿಯಾದಲ್ಲಿ ನಮ್ಮ ಮಳೆಗಾಲವೇ ಚಳಿಗಾಲ. ಅಲ್ಲಿಯ ಹಿಮದ ಹಂಗಾಮು ಜೂನ್ ತಿಂಗಳ ಎರಡನೆಯ ವಾರದಲ್ಲಿ ಮೊದಲಾಗಿ ಅಕ್ಟೋಬರದ ಆರಂಭಕ್ಕೆ ಮುಗಿಯುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮೃಗಶಿರಾ ಮಳೆಯಿಂದ ಹಸ್ತಾ ಮಳೆಯವರೆಗೆ. ನಮ್ಮ ಕಡಲಿನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವ ದಿವಸಗಳೂ ಇದರಲ್ಲಿಯೇ ಬರುತ್ತವೆ. ಆದುದರಿಂದ ಕರಾವಳಿಯ ತರುಣನು ಈ ಹಂಗಾಮನ್ನು ಆರಿಸಿದರೆ ಅದನ್ನು ಕೇವಲ ಹುಚ್ಚೆನ್ನಲಾಗದು.

ಇನ್ನು ಊರುಗಳ ವಿಷಯ. ನ್ಯೂ ಸೌತ್ ವೇಲ್ಸ್ ಪ್ರಾಂತದ ಪೆರಿಷರ್ ಎಂಬುದು ದಕ್ಷಿಣಾರ್ಧ ಗೋಲದಲ್ಲಿಯೇ ದೊಡ್ಡ ಹಿಮಕ್ಷೇತ್ರ; 1,245 ಹೆಕ್ಟೇರು ವಿಸ್ತಾರ, ಜನರನ್ನು ಮೇಲಕ್ಕೊಯ್ಯುವ 47 ಯಂತ್ರಗಳು. ದೊಡ್ಡದಾದುದರಿಂದ ಕೆಲಸಗಳೂ ಹೆಚ್ಚು. ಆದರೆ ದುಡಿಯುವವರಲ್ಲಿ ಅನೇಕರು ಕೆಳಗಿನ ಜಿಂಡಬೈನ್ ಪಟ್ಟಣದಲ್ಲಿ ಬಿಡಾರ ಹಿಡಿದು ನಿತ್ಯವೂ ಬೆಟ್ಟ ಹತ್ತಬೇಕು. ಅದೇ ಸೀಮೆಯ ಥ್ರೆಡ್‌ಬೋದಲ್ಲಿ ಬೆಟ್ಟದ ಬುಡದಲ್ಲಿಯೇ ಹಳ್ಳಿಯಿದೆ. ಅಲ್ಲಿಯ ಯಂತ್ರಗಳು 2,037 ಮೀಟರು ಎತ್ತರದವರೆಗೆ ಒಯ್ಯುತ್ತವೆ. ವಿಕ್ಟೋರಿಯಾ ಪ್ರಾಂತದ ಮೌಂಟ್ ಬುಲ್ಲರ್ ಮೆಲ್ಬೋರ್ನ್ ನಗರದಿಂದ ಸುಮಾರು ಮೂರು ತಾಸಿನ ದಾರಿ. ಫಾಲ್ಸ್ ಕ್ರೀಕಿನಲ್ಲಿ ಮನೆಯ ಹೊಸ್ತಿಲಿನಿಂದಲೇ ಜಾರಿಕೊಂಡು ಹೋಗಬಹುದು. ಹೋಥಮ್ ಊರಂತೂ ಬೆಟ್ಟದ ನೆತ್ತಿಯ ಮೇಲೆಯೇ ಕುಳಿತಿದೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದು ಸೊಬಗಿದೆ. ಆದರೆ ನಾಲ್ಕು ದಿನದ ಪ್ರವಾಸಿಯು ಇಳಿಜಾರನ್ನು ನೋಡಿ ಊರನ್ನು ಆರಿಸಲಿ. ನಾಲ್ಕು ತಿಂಗಳ ದುಡಿಮೆಗಾರನು ಮಲಗುವ ಸ್ಥಳವನ್ನು ನೋಡಿಯೇ ಆರಿಸತಕ್ಕದ್ದು.

ನಾವು ಇದನ್ನು ಒತ್ತಿ ಹೇಳುವುದಕ್ಕೆ ಬಲವಾದ ಕಾರಣವಿದೆ. 1997ರ ಜುಲೈ 30ರಂದು ರಾತ್ರಿ ಹನ್ನೊಂದೂವರೆಯ ಸುಮಾರಿಗೆ ಥ್ರೆಡ್‌ಬೋ ಹಳ್ಳಿಯ ಮೇಲಿನ ಗುಡ್ಡವು ಜಾರಿತು. ಕರೈನ್ಯಾ ಎಂಬ ವಸತಿಗೃಹವು ಮಣ್ಣಿನೊಡನೆ ಕೆಳಕ್ಕೆ ಸರಿದು, ಬಿಂಬಡೀನ್ ಎಂಬ ಕಟ್ಟಡದ ಮೇಲೆ ಬಿದ್ದಿತು. ಬಿಂಬಡೀನ್ ಕಟ್ಟಡವು ನೌಕರರ ವಸತಿ. ಹದಿನೆಂಟು ಜನರು ಮಡಿದರು. ಸ್ಟೂಅರ್ಟ್ ಡೈವರ್ ಎಂಬ ಸ್ಕೀ ಶಿಕ್ಷಕನೊಬ್ಬನೇ ಸುಮಾರು 65 ತಾಸುಗಳ ತರುವಾಯ ಅವಶೇಷಗಳೊಳಗಿಂದ ಜೀವಂತನಾಗಿ ಹೊರಬಂದನು. ಮೃತ್ಯುವಿಚಾರಣೆಯ ಅಧಿಕಾರಿಯು 2000ರಲ್ಲಿ ಕೊಟ್ಟ ವರದಿಯು ಹಿಮವನ್ನು ದೂಷಿಸಲಿಲ್ಲ. 1950ರ ದಶಕದಲ್ಲಿ ಕಟ್ಟಿದ ಮೇಲಿನ ರಸ್ತೆಯ ಮಣ್ಣಿನ ಏರಿಯು ಮೊದಲೇ ಅಸ್ಥಿರವಾಗಿತ್ತು. ಅದರಲ್ಲಿ ಹೂತಿದ್ದ ನೀರಿನ ಕೊಳವೆಯು ಸೋರಿ ಮಣ್ಣನ್ನು ನೆನೆಸಿತ್ತು. ಹಗಲೆಲ್ಲ ಇಳಿಜಾರಿನ ಅಪಾಯವನ್ನು ಗೆದ್ದು ಬಂದವರು ರಾತ್ರಿ ಹಾಸಿಗೆಯಲ್ಲಿ ಸತ್ತರು.

ಅಂಕೋಲೆ ತಾಲೂಕಿನವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 2024ರ ಜುಲೈ 16ರ ಬೆಳಿಗ್ಗೆ ಶಿರೂರಿನಲ್ಲಿ, ಹೆದ್ದಾರಿಯ ಅಗಲೀಕರಣಕ್ಕಾಗಿ ಕಡಿಯಲಾಗಿದ್ದ ಗುಡ್ಡವು ಭಾರಿ ಮಳೆಯಲ್ಲಿ ಕುಸಿಯಿತು. ದಾರಿಯ ಬದಿಯ ಚಹದ ಅಂಗಡಿಯೂ ನಿಂತ ವಾಹನಗಳೂ ಗಂಗಾವಳಿಯ ಪಾಲಾದವು. ಮಣ್ಣು ಎತ್ತಿದ ನೀರಿನ ಹೊಡೆತಕ್ಕೆ ಎದುರು ದಂಡೆಯ ಉಳುವರೆಯ ಮನೆಗಳು ನೆಲಸಮವಾದವು. ಅಂಗಡಿಯನ್ನು ನಡೆಸುತ್ತಿದ್ದವರೂ, ಚಹಕ್ಕೆಂದು ಲಾರಿ ನಿಲ್ಲಿಸಿದವರೂ ದುಡಿದುಣ್ಣುವ ಜನ. ಥ್ರೆಡ್‌ಬೋದಲ್ಲಿಯೂ ಶಿರೂರಿನಲ್ಲಿಯೂ ಮೇಲೆ ರಸ್ತೆಯನ್ನು ಅಥವಾ ಬದಿಯ ಗುಡ್ಡವನ್ನು ಮನುಷ್ಯನೇ ಕಡಿದು ಕಟ್ಟಿದ್ದನು. ನೀರು ತನ್ನ ಕೆಲಸವನ್ನು ಮಾಡಿತು. ಬುಡದಲ್ಲಿದ್ದವರು ಬೆಲೆ ತೆತ್ತರು. ಆದುದರಿಂದ ಈ ತಾಲೂಕಿನ ತಂದೆಯು ಮಗನಿಗೆ, ನಿನ್ನ ಬಿಡಾರದ ಬೆನ್ನಿಗೆ ಯಾವ ಗುಡ್ಡವಿದೆ, ಅದನ್ನು ಯಾರು ಪರೀಕ್ಷಿಸುತ್ತಾರೆ ಎಂದು ಕೇಳಿದರೆ, ಅದು ಹಳ್ಳಿಗನ ಅಂಜಿಕೆಯೆಂದು ಮಗನು ನಗಬಾರದು. ಕಂಪನಿಯ ಮಾಹಿತಿಪತ್ರದಲ್ಲಿ ಕಾಣದ ಪ್ರಶ್ನೆಯನ್ನು ಅನುಭವಿಯು ಕೇಳುತ್ತಿದ್ದಾನೆಂದು ತಿಳಿಯಬೇಕು.

ಸೂರಿನ ತರುವಾಯ ಕೂಲಿ. ಆಸ್ಟ್ರೇಲಿಯಾದಲ್ಲಿ ಕನಿಷ್ಠ ಕೂಲಿಯು ಶಾಸನದಿಂದ ಗೊತ್ತಾದುದು; 2025ರ ಜುಲೈ 1ರಿಂದ ತಾಸಿಗೆ 24.95 ಡಾಲರೆಂದು ನಿಗದಿಯಾಯಿತು. ಹಂಗಾಮಿನ ಬಿಡಿ ನೌಕರನಿಗೆ ಸಾಮಾನ್ಯವಾಗಿ ಇದರ ಮೇಲೆ ನೂರಕ್ಕೆ 25 ಹೆಚ್ಚುವರಿ. ಹಿಮದೂರುಗಳ ನೌಕರರಿಗೆಂದೇ 2020ರ ಆಲ್ಪೈನ್ ರಿಸಾರ್ಟ್ಸ್ ಅವಾರ್ಡ್ ಎಂಬ ನಿಬಂಧನೆಗಳಿವೆ. ಕೂಲಿ ಕಡಿಮೆ ಕೊಟ್ಟರೆ ಫೇರ್ ವರ್ಕ್ ಓಂಬುಡ್ಸ್‌ಮನ್ ಎಂಬ ಸರಕಾರಿ ಕಚೇರಿಗೆ ದೂರು ಕೊಡಬಹುದು. ಈ ಅಂಕಿಯನ್ನು ರೂಪಾಯಿಗೆ ಗುಣಿಸಿ ಹಿಗ್ಗುವವರು ಇನ್ನೊಂದು ಮಾತನ್ನು ಮರೆಯುವರು. ಕೂಲಿಯು ತಾಸಿಗೆ ಇಷ್ಟೆಂದು ಗೊತ್ತಾಗಿದೆ. ವಾರಕ್ಕೆ ಎಷ್ಟು ತಾಸು ಕೆಲಸವೆಂಬುದು ಬಿಡಿ ನೌಕರನಿಗೆ ಗೊತ್ತಾಗಿಲ್ಲ. ಹಿಮ ಬಿದ್ದರೆ ಕೆಲಸ, ಬೀಳದಿದ್ದರೆ ಇಲ್ಲ. ಆಸ್ಟ್ರೇಲಿಯಾದ ಬೆಟ್ಟಗಳು ಬಹಳ ಎತ್ತರದವಲ್ಲವಾದುದರಿಂದ ಅಲ್ಲಿಯ ಹಿಮವು ನಂಬಲರ್ಹವಲ್ಲ. ಹವೆಯು ಬಿಸಿಯಾದಂತೆ ಹಿಮದ ದಿನಗಳು ಕುಗ್ಗುತ್ತಿವೆ. ಮಳೆ ಕೈಕೊಟ್ಟ ವರ್ಷ ಗದ್ದೆಯ ಆಳಿಗೆ ಬರುವ ಸ್ಥಿತಿಯೇ ಹಿಮ ಕೈಕೊಟ್ಟ ವರ್ಷ ಅಲ್ಲಿಯ ಆಳಿಗೂ ಬರುವುದು. ಬಾಡಿಗೆಯಾದರೋ ಹಿಮ ಬಿದ್ದರೂ ಬೀಳದಿದ್ದರೂ ತೆರಲೇಬೇಕು. ವಾರಕ್ಕೆ ಕನಿಷ್ಠ ಎಷ್ಟು ತಾಸಿನ ಭರವಸೆ, ಬಿಡಾರದ ಬಾಡಿಗೆ ಎಷ್ಟು, ಕೆಲಸ ನಿಂತರೆ ಬಿಡಾರವೂ ಹೋಗುವುದೇ, ಎಂಬ ಮೂರು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಕೊಡುವ ಊರು ಚಿಕ್ಕದಾದರೂ ಲೇಸು. ಕೊಡದ ಊರು ಎಷ್ಟು ಪ್ರಸಿದ್ಧವಾದರೂ ಬೇಡ.

ದಲ್ಲಾಳಿಗಳ ವಿಷಯವಾಗಿ ಎರಡು ಮಾತು. ಆಸ್ಟ್ರೇಲಿಯಾದ ಚೀಟಿಗೆ ಅಭ್ಯರ್ಥಿಯು ತಾನೇ ಹೆಸರನ್ನು ಸೇರಿಸಬಹುದು. ಯಾವ ದಲ್ಲಾಳಿಯೂ ಚೀಟಿಯ ಫಲವನ್ನು ಬದಲಿಸಲಾರನು. ಖಂಡಿತವಾಗಿ ಕೊಡಿಸುವೆನೆನ್ನುವವನು ಸುಳ್ಳುಗಾರನೆಂದು ಆ ಮಾತಿನಿಂದಲೇ ತಿಳಿಯಬಹುದು. ಪರದೇಶದಲ್ಲಿ ಉದ್ಯೋಗ ಕೊಡಿಸುವವನು 1983ರ ವಲಸೆ ಕಾಯಿದೆಯ ಮೇರೆಗೆ ನೋಂದಾಯಿತನಾಗಿರಬೇಕು. ಅಭ್ಯರ್ಥಿಯಿಂದ ಅವನು ಪಡೆಯಬಹುದಾದ ಶುಲ್ಕಕ್ಕೆ ತೆರಿಗೆಯನ್ನು ಬಿಟ್ಟು 30,000 ರೂಪಾಯಿಗಳ ಮಿತಿಯಿದೆ. ನೋಂದಾಯಿತರ ಪಟ್ಟಿಯು ಕೇಂದ್ರ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಯಾರಿಗೂ ದೊರೆಯುವುದು. ನಾಲ್ಕು ತಿಂಗಳ ಹಿಮಕ್ಕಾಗಿ ತೋಟವನ್ನು ಒತ್ತೆಯಿಡುವ ಮನೆಯು, ಚೀಟಿ ಬಂದರೂ ಬಾರದಿದ್ದರೂ, ಸೋತ ಮನೆಯೇ.

ಇನ್ನೊಂದು ವಿಚಾರ. ಸ್ಕೀ ಕಲಿಯುವ ಆಸೆಯೇ ಮುಖ್ಯವಾಗಿದ್ದರೆ ಪರದೇಶಕ್ಕೆ ಹೋಗುವ ಮೊದಲು ಸ್ವದೇಶದ ಹಿಮದಲ್ಲಿ ಬಿದ್ದು ಎದ್ದು ನೋಡುವುದು ಉಚಿತ. ಕಾಶ್ಮೀರದ ಗುಲ್ಮರ್ಗದಲ್ಲಿ ಕೇಂದ್ರ ಸರಕಾರದ ಸ್ಕೀ ಮತ್ತು ಪರ್ವತಾರೋಹಣ ಸಂಸ್ಥೆಯಿದೆ. ಮನಾಲಿಯಲ್ಲಿ ಹಿಮಾಚಲ ಸರಕಾರದ ಸಂಸ್ಥೆಯಿದೆ. ಉತ್ತರಾಖಂಡದ ಔಲಿಯಲ್ಲಿ ಇಳಿಜಾರುಗಳಿವೆ. ಹಿಮವನ್ನು ಕಾಣದ ನಾಡಿನವರಿಗೆ ಈ ವಿದ್ಯೆ ಒಲಿಯದೆನ್ನುವವರು ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರನ್ನು ನೆನೆಯಲಿ. ಗುಲ್ಮರ್ಗದ ಹಿಮದಲ್ಲಿ 2024ರ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಕರ್ನಾಟಕಕ್ಕೆ ಚಿನ್ನದ ಪದಕಗಳನ್ನು ತಂದವರು ಆ ಕನ್ನಡನಾಡಿನ ಹೆಣ್ಣುಮಗಳು. ಆದರೆ ಅಲ್ಲಿಯೂ ಎಚ್ಚರ ಬೇಕು. 2023ರ ಫೆಬ್ರವರಿ 1ರಂದು ಗುಲ್ಮರ್ಗದ ಅಫರ್ವತ್ ಬೆಟ್ಟದಲ್ಲಿ ಹಿಮಪಾತಕ್ಕೆ ಸಿಕ್ಕಿ ಪೋಲಂಡಿನ ಇಬ್ಬರು ಸ್ಕೀಗಾರರು ಅಸುನೀಗಿದರು. ಕಾವಲುಗಾರರು ಗುರುತಿಸಿದ ಇಳಿಜಾರನ್ನು ಬಿಟ್ಟು ಹೊರಗೆ ಹೋಗಬಾರದೆಂಬ ನಿಯಮವನ್ನು ಸ್ವದೇಶದಲ್ಲಿಯೇ ಕಲಿತವನಿಗೆ ಪರದೇಶದಲ್ಲಿ ಅದು ಉಪಯೋಗಕ್ಕೆ ಬರುವುದು.

ಕೊನೆಯದಾಗಿ ಅಧಿಕಾರಿಗಳಿಗೂ ವಿದ್ಯಾಸಂಸ್ಥೆಗಳಿಗೂ ನಮ್ಮ ವಿನಂತಿ. ಪರದೇಶಕ್ಕೆ ಹೋಗುವವರಿಗೆ ತಿಳಿವಳಿಕೆ ನೀಡಲು ರಾಜ್ಯ ಸರಕಾರದ ಅಂತರರಾಷ್ಟ್ರೀಯ ವಲಸೆ ಕೇಂದ್ರವು ಬೆಂಗಳೂರಿನಲ್ಲಿದೆ. ಅಗಸೂರಿನಿಂದ ಬೆಂಗಳೂರು ಬಲು ದೂರ; ದಲ್ಲಾಳಿಯು ಬಲು ಹತ್ತಿರ. ಕಾರವಾರದ ಉದ್ಯೋಗ ವಿನಿಮಯ ಕಚೇರಿಯು ವರುಷಕ್ಕೆ ಒಂದೆರಡು ದಿನವಾದರೂ ಅಂಕೋಲೆ ಮತ್ತು ಕಾರವಾರದ ಕಾಲೇಜುಗಳಲ್ಲಿ ಕುಳಿತು, ವೀಸಾದ ನಿಬಂಧನೆ, ಕರಾರುಪತ್ರವನ್ನು ಓದುವ ಬಗೆ, ದೂರು ಕೊಡುವ ಕಚೇರಿಗಳ ವಿಳಾಸ, ಇವಿಷ್ಟನ್ನು ಕನ್ನಡದಲ್ಲಿ ಹೇಳಿದರೆ ಸಾಕು. ಇದಕ್ಕೆ ದೊಡ್ಡ ವೆಚ್ಚವಿಲ್ಲ, ಬೇಕಾದುದು ಮನಸ್ಸು. ಕರಾರುಪತ್ರವನ್ನು ಇಂಗ್ಲಿಷಿನಲ್ಲಿ ಓದಬಲ್ಲ ಮಗನೊಡನೆ, ಅದನ್ನು ಓದಲಾರದಿದ್ದರೂ ಗುಡ್ಡದ ಸ್ವಭಾವವನ್ನು ಬಲ್ಲ ತಂದೆಯು ಒಂದು ದಿನ ಕುಳಿತು ವಿಚಾರ ಮಾಡುವಂತಾದರೆ, ಮನೆಗೂ ಊರಿಗೂ ಲಾಭ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಮ್ಮ ಹಿರಿಯರು ಯಾರೂ ಬೆಟ್ಟಕ್ಕೆ ಹೋಗಬಾರದೆಂದು ಹೇಳಿದವರಲ್ಲ; ಹತ್ತಿರ ಹೋಗಿ ನೋಡುವವರೆಗೆ ನಂಬಬೇಡವೆಂದು ಹೇಳಿದರು. ಹೋಗುವ ತರುಣನು ಹೋಗಲಿ, ದುಡಿಯಲಿ, ಕಲಿಯಲಿ. ಆದರೆ ಊರನ್ನು ಆರಿಸುವ ದಿನ ಹಿಮದ ಚಿತ್ರವನ್ನು ಬದಿಗಿಟ್ಟು, ತಾನು ಮಲಗುವ ಕೋಣೆಯನ್ನೂ, ಅದರ ಮೇಲಿನ ಗುಡ್ಡವನ್ನೂ, ಕೈಯಲ್ಲಿರುವ ಕಾಗದವನ್ನೂ ಮೊದಲು ಪರೀಕ್ಷಿಸಲಿ.